ಹೆಲ್ಪ್‌ಡೆಸ್ಕಿನಿಂದ ಸರ್ವರ್ ರೂಮಿಗೆ: ಅಂಧೇರಿಯಲ್ಲಿ ಐಟಿ ಸಪೋರ್ಟ್ ಕಸುಬಿನ ಮೊದಲ ವರ್ಷಗಳು

ಕಂಪ್ಯೂಟರ್ ಕೆಲಸವೆಂದರೆ ಪ್ರೋಗ್ರಾಮ್ ಬರೆಯುವುದು ಎಂಬ ಎಣಿಕೆ ಊರಲ್ಲಿ ಇನ್ನೂ ಇದೆ. ಬರೆದ ಪ್ರೋಗ್ರಾಮು ದಿನವೂ ಓಡಬೇಕು, ಬ್ಯಾಂಕಿನ ಕೌಂಟರು ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ತೆರೆಯಬೇಕು, ಆಸ್ಪತ್ರೆಯ ಪ್ರಿಂಟರು ರಸೀದಿ ಕೊಡಬೇಕು. ಇದನ್ನೆಲ್ಲ ನೋಡಿಕೊಳ್ಳುವವರು ಐಟಿ ಸಪೋರ್ಟ್‌ನವರು. ಅವರಲ್ಲಿ ಸರ್ವರ್, ನೆಟ್‌ವರ್ಕ್, ಬಳಕೆದಾರರ ಖಾತೆಗಳು, ಬ್ಯಾಕಪ್ ಇವುಗಳ ಹೊಣೆ ಹೊತ್ತವರು ಸಿಸ್ಟಮ್ ಅಡ್ಮಿನಿಸ್ಟ್ರೇಟರ್. ಆಫೀಸಿನ ಮಾತಿನಲ್ಲಿ ಸಿಸ್ ಅಡ್ಮಿನ್. ಮುಂಬಯಿಯಲ್ಲಿ ಈ ಕೆಲಸ ಹುಡುಕಿ ಹೊರಟವರು ಒಂದಲ್ಲ ಒಂದು ದಿನ ಅಂಧೇರಿ ಸ್ಟೇಷನ್ನಿನಲ್ಲಿ ಇಳಿದೇ ಇಳಿಯುತ್ತಾರೆ. ಇಂಜಿನಿಯರಿಂಗ್ ಪದವಿ ಇಲ್ಲದವರಿಗೂ ಬಾಗಿಲು ತೆರೆದಿರುವ ಕಸುಬು ಇದು. ಒಳಗೆ ಬಂದ ಮೇಲೆ ಅದೇ ಮೆಟ್ಟಿಲಲ್ಲಿ ಹತ್ತು ವರ್ಷ ಕುಳಿತುಬಿಡುವ ಅಪಾಯವೂ ಇದರಲ್ಲಿ ಹೆಚ್ಚು.

ಸೀಪ್ಝ್, ಎಂಐಡಿಸಿ, ಜುಹು

ಅಂಧೇರಿ ಪೂರ್ವದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ 1973ರಲ್ಲಿ ಕೇಂದ್ರ ಸರಕಾರ ಒಂದು ರಫ್ತು ವಲಯ ತೆರೆಯಿತು. ಹೆಸರು ಸಾಂತಾಕ್ರೂಜ್ ಎಲೆಕ್ಟ್ರಾನಿಕ್ಸ್ ಎಕ್ಸ್‌ಪೋರ್ಟ್ ಪ್ರೊಸೆಸಿಂಗ್ ಝೋನ್, ಜಾಗ ಮಾತ್ರ ಅಂಧೇರಿಯದು, ಎಲ್ಲರ ಬಾಯಲ್ಲಿ ಸೀಪ್ಝ್. ಟಾಟಾ ಮತ್ತು ಅಮೆರಿಕದ ಬರೋಸ್ ಕಂಪನಿಯ ಕೂಡುವಳಿ 1970ರ ದಶಕದಲ್ಲೇ ಇಲ್ಲಿ ಕೆಲಸ ಶುರು ಮಾಡಿತು. ಮುಂದೆ ಟಿಸಿಎಸ್, ಪಟ್ನಿ, ಮಾಸ್ಟೆಕ್‌ನಂಥ ಕಂಪನಿಗಳು ಈ ಆವರಣದೊಳಗೆ ನೆಲೆಯೂರಿದವು.

ಯಂತ್ರ ದುರಸ್ತಿಯೇ ಒಂದು ಕಸುಬಾಗಿ ದೇಶದಲ್ಲಿ ಬೆಳೆದದ್ದಕ್ಕೆ ಕಾರಣ ಬೇರೆ. 1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋಯಿತು. ಅದು ಬಿಟ್ಟುಹೋದ 800ಕ್ಕೂ ಹೆಚ್ಚು ಕಡೆಗಳ ಯಂತ್ರಗಳನ್ನು ನೋಡಿಕೊಳ್ಳುವ ಭಾರ ಸರಕಾರಿ ಕಂಪನಿ ಸಿಎಂಸಿಯ ಮೇಲೆ ಬಿತ್ತು. ಸಿಎಂಸಿ ಎಂಬ ಹೆಸರಿನ ವಿಸ್ತರಣೆಯೇ ಕಂಪ್ಯೂಟರ್ ಮೇಂಟೆನನ್ಸ್ ಕಾರ್ಪೊರೇಷನ್. ಬಿಡಿಭಾಗ ಕೊಡುವ ಮೂಲ ಕಂಪನಿಯೇ ಇಲ್ಲದಾಗ ಯಂತ್ರವನ್ನು ಒಳಗಿನಿಂದ ಅರಿತು ಓಡಿಸಬೇಕಾಯಿತು. ಇಂದಿನ ಫೀಲ್ಡ್ ಎಂಜಿನಿಯರುಗಳ ಹಿರಿಯರು ಅಂಥ ಕಡೆ ತಯಾರಾದ ಕಸ್ಟಮರ್ ಎಂಜಿನಿಯರುಗಳು.

ಅಂಧೇರಿಗೆ ತಾಗಿದ ಜುಹುವಿನಲ್ಲಿ 1985ರಲ್ಲಿ ನ್ಯಾಷನಲ್ ಸೆಂಟರ್ ಫಾರ್ ಸಾಫ್ಟ್‌ವೇರ್ ಟೆಕ್ನಾಲಜಿ ಹುಟ್ಟಿತು. ಐಐಟಿಗಳನ್ನೂ ಬೆಂಗಳೂರಿನ ಐಐಎಸ್‌ಸಿಯನ್ನೂ ಬೆಸೆದ ಅರ್ನೆಟ್ ಜಾಲಕ್ಕೆ ಅದು ಮುಖ್ಯ ಗಂಟಾಯಿತು. ಭಾರತದ ಡಾಟ್ ಇನ್ ಹೆಸರುಗಳ ನೋಂದಣಿಯನ್ನೂ ಆರಂಭದ ವರ್ಷಗಳಲ್ಲಿ ಅದೇ ನೋಡಿಕೊಂಡಿತು. ಸಾರ್ವಜನಿಕರಿಗೆ ವಿಎಸ್‌ಎನ್‌ಎಲ್ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಅದಕ್ಕೂ ಮೊದಲೇ ಈ ಉಪನಗರದಲ್ಲಿ ಈಮೇಲ್ ಸರ್ವರ್ ಕಾಯುವವರಿದ್ದರು. 2003ರಲ್ಲಿ ಜುಹುವಿನ ಆ ಸಂಸ್ಥೆ ಸರಕಾರದ ಸಿ-ಡ್ಯಾಕ್ ಜೊತೆ ಸೇರಿತು.

ಇಂದು ಮರೋಳ್, ಚಕಾಲಾ, ಸಾಕಿ ನಾಕಾಗಳ ಸಾಲಿನಲ್ಲಿ ಸಾಫ್ಟ್‌ವೇರ್ ಕಂಪನಿಗಳಷ್ಟೇ ಇಲ್ಲ. ಸೀಪ್ಝ್‌ನ ಆಭರಣ ಕಾರ್ಖಾನೆಗಳು, ಸಹಾರಿನ ಕಾರ್ಗೋ ಏಜೆಂಟರು, ವಿಮಾನ ನಿಲ್ದಾಣದ ಸುತ್ತಲಿನ ಹೋಟೆಲುಗಳು, ಪಶ್ಚಿಮದಲ್ಲಿ ಕೋಕಿಲಾಬೆನ್ ಆಸ್ಪತ್ರೆ, ವೀರಾ ದೇಸಾಯಿ ರಸ್ತೆ ಮತ್ತು ಓಶಿವಾರಾ ಕಡೆ ಸಿನಿಮಾ, ಧಾರಾವಾಹಿಗಳ ಸಂಕಲನ ಸ್ಟುಡಿಯೊಗಳು ಇವೆ. ಆಸ್ಪತ್ರೆಯಲ್ಲಿ ಒಂದು ಸರ್ವರನ್ನು ಮರುಚಾಲನೆ ಮಾಡಲು ಹತ್ತು ಕಡೆ ಒಪ್ಪಿಗೆ ಬೇಕು. ಸ್ಟುಡಿಯೊದಲ್ಲಿ ಟೆರಾಬೈಟುಗಟ್ಟಲೆ ದೃಶ್ಯಗಳನ್ನು ರಾತ್ರೋರಾತ್ರಿ ಒಂದು ಸ್ಟೋರೇಜಿನಿಂದ ಇನ್ನೊಂದಕ್ಕೆ ಸಾಗಿಸಬೇಕು. ಎರಡೂ ಕಡೆ ಒಂದೊಂದು ವರ್ಷ ದುಡಿದವನಿಗೆ ಒಂದೇ ಕಾಲ್ ಸೆಂಟರಿನಲ್ಲಿ ನಾಲ್ಕು ವರ್ಷ ಕಳೆದವನಿಗಿಂತ ಹೆಚ್ಚು ತಿಳಿದಿರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಲ್1, ಎಲ್2, ಎಲ್3

ಕೆಲಸವನ್ನು ಮೂರು ಹಂತವಾಗಿ ಹಂಚುವುದು ವಾಡಿಕೆ. ಎಲ್1 ಫೋನ್ ಎತ್ತುತ್ತಾನೆ, ಟಿಕೆಟ್ ತೆರೆಯುತ್ತಾನೆ, ಪಾಸ್‌ವರ್ಡ್ ರೀಸೆಟ್, ಪ್ರಿಂಟರ್, ಔಟ್‌ಲುಕ್ ಇಂಥ ದಿನದ ದೂರುಗಳನ್ನು ಬಗೆಹರಿಸುತ್ತಾನೆ. ಅವನಿಗೆ ಆಗದ್ದು ಎಲ್2ಗೆ ಎಸ್ಕಲೇಟ್ ಆಗುತ್ತದೆ. ಸರ್ವರ್, ಬಳಕೆದಾರರ ಖಾತೆಗಳನ್ನು ಇಡುವ ಆಕ್ಟಿವ್ ಡೈರೆಕ್ಟರಿ, ಸ್ವಿಚ್‌ಗಳಿಗೆ ಕೈ ಹಚ್ಚುವ ಅಧಿಕಾರ ಅಲ್ಲಿ ಸಿಗುತ್ತದೆ. ಇಡೀ ವ್ಯವಸ್ಥೆಯನ್ನು ವಿನ್ಯಾಸ ಮಾಡುವವರು, ತಯಾರಕ ಕಂಪನಿಯೊಂದಿಗೆ ನೇರ ಮಾತಾಡುವವರು ಎಲ್3. ಪ್ರತಿ ಟಿಕೆಟಿಗೂ ಎಸ್‌ಎಲ್‌ಎ ಎಂಬ ಗಡುವು ಇರುತ್ತದೆ. ಅದು ಮೀರಿದರೆ ಗುತ್ತಿಗೆ ಕಂಪನಿ ದಂಡ ತೆರಬೇಕಾಗಬಹುದು. ಸಣ್ಣ ಆಫೀಸುಗಳಲ್ಲಿ ಈ ಮೂರೂ ಹಂತ ಒಬ್ಬನೇ. ಸಿಸಿಟಿವಿ, ಬಯೋಮೆಟ್ರಿಕ್ ಹಾಜರಿ, ಯುಪಿಎಸ್ ಎಲ್ಲವೂ ಅವನ ತಲೆಗೇ. ಬಿಡುವಿಲ್ಲದ ಕೆಲಸವಾದರೂ ಕಲಿಯುವವನಿಗೆ ಅದು ಒಳ್ಳೆಯ ಜಾಗ.

ಒಂದು ದೂರಿನ ಒಳಗೆ

ಎಲ್1ರಿಂದ ಎಲ್2ಗೆ ಹೋಗುವ ದಾರಿ ಸರ್ಟಿಫಿಕೇಟಿನಲ್ಲಿ ಇದೆ ಎಂದು ಬಹಳ ಮಂದಿ ತಿಳಿಯುತ್ತಾರೆ. ನನಗೆ ಅದು ದೂರನ್ನು ಬಿಡಿಸುವ ಕ್ರಮದಲ್ಲಿ ಕಾಣುತ್ತದೆ. ಆದ್ದರಿಂದ ಎರಡು ದೂರುಗಳನ್ನು ಪೂರ್ತಿ ನೋಡೋಣ.

ಮೊದಲನೆಯದು, "ನೆಟ್ ಬರ್ತಾ ಇಲ್ಲ". ಕೀಬೋರ್ಡ್ ಮುಟ್ಟುವ ಮೊದಲು ಕೇಳಬೇಕಾದ ಮೂರು ಪ್ರಶ್ನೆಗಳಿವೆ: ಒಬ್ಬರಿಗೋ ಎಲ್ಲರಿಗೋ? ಯಾವಾಗಿನಿಂದ? ಅದಕ್ಕೆ ಮುಂಚೆ ಏನು ಬದಲಾಯಿತು? ಇಡೀ ಸಾಲಿಗೆ ಇಲ್ಲದಿದ್ದರೆ ಸ್ವಿಚ್ ಕಡೆ ಹೋಗಬೇಕು, ಒಬ್ಬರಿಗೇ ಆದರೆ ಮೇಜಿನ ಕಡೆ. ಕೇಬಲಿನ ಬಾಯಲ್ಲಿ ದೀಪ ಉರಿಯುತ್ತಿದೆಯೇ ನೋಡು. ಉರಿಯುತ್ತಿದ್ದರೆ ಐಪಿ ವಿಳಾಸ ನೋಡು. ಅದು 169.254 ಎಂದು ಶುರುವಾದರೆ ಯಂತ್ರಕ್ಕೆ ಡಿಎಚ್‌ಸಿಪಿ ಸರ್ವರಿನಿಂದ ವಿಳಾಸ ಸಿಕ್ಕಿಲ್ಲ, ಅದು ತಾನೇ ಒಂದು ವಿಳಾಸ ಇಟ್ಟುಕೊಂಡಿದೆ ಎಂದರ್ಥ. ವಿಳಾಸ ಸರಿ ಇದ್ದರೆ ಗೇಟ್‌ವೇಗೆ ಪಿಂಗ್ ಮಾಡು. ಅದೂ ಉತ್ತರಿಸಿದರೆ ಹೊರಗಿನ 8.8.8.8ಕ್ಕೆ ಪಿಂಗ್. ಹೊರಗಿನ ಸಂಖ್ಯೆ ಉತ್ತರಿಸಿ, ಹೆಸರು ಹೊಡೆದಾಗ ಮಾತ್ರ ಪುಟ ತೆರೆಯದಿದ್ದರೆ ತಪ್ಪು ಹೆಸರನ್ನು ಸಂಖ್ಯೆಗೆ ತಿರುಗಿಸುವ ಡಿಎನ್‌ಎಸ್‌ನಲ್ಲಿ ಇರುವ ಸಂಭವ ಹೆಚ್ಚು. ಪ್ರತಿ ಹೆಜ್ಜೆಯೂ ಸಂಶಯದ ಜಾಗವನ್ನು ಕಡಿಮೆ ಮಾಡುತ್ತ ಹೋಗುತ್ತದೆ. ಈ ಕ್ರಮ ಬಿಟ್ಟು ನೇರವಾಗಿ ರೀಸ್ಟಾರ್ಟ್ ಮಾಡಿದರೆ ನೆಟ್ ಬರಲೂಬಹುದು. ಆದರೆ ಯಾಕೆ ಹೋಗಿತ್ತು ಎಂಬುದು ಗೊತ್ತಾಗದೆ ನಾಳೆ ಅದೇ ಕಾಲ್ ಮತ್ತೆ ಬರುತ್ತದೆ.

ಎರಡನೆಯದು ಇನ್ನೂ ಸ್ವಾರಸ್ಯದ್ದು. ಲೆಕ್ಕಪತ್ರ ವಿಭಾಗದ ಒಬ್ಬರ ಖಾತೆ ಪದೇ ಪದೇ ಲಾಕ್ ಆಗುತ್ತದೆ. ಎಲ್1 ಅನ್‌ಲಾಕ್ ಮಾಡಿ ಕಾಲ್ ಕ್ಲೋಸ್ ಮಾಡುತ್ತಾನೆ. ಅರ್ಧ ಗಂಟೆಯಲ್ಲಿ ಮತ್ತೆ ಲಾಕ್. ಗಡುವಿನ ಲೆಕ್ಕದಲ್ಲಿ ಅವನದು ಮೂರು ಟಿಕೆಟ್, ಮೂರೂ ಸಕಾಲಕ್ಕೆ ಮುಗಿದವು. ಆದರೆ ಬಳಕೆದಾರರ ಕೆಲಸ ಆಗಿಲ್ಲ. ತಿಳಿದವನು ಲಾಗಿನ್‌ಗಳನ್ನು ಪರಿಶೀಲಿಸುವ ಸರ್ವರಾದ ಡೊಮೇನ್ ಕಂಟ್ರೋಲರಿನ ಸೆಕ್ಯುರಿಟಿ ಲಾಗ್‌ನಲ್ಲಿ 4740 ಸಂಖ್ಯೆಯ ಈವೆಂಟ್ ಹುಡುಕುತ್ತಾನೆ. ಖಾತೆ ಲಾಕ್ ಆದಾಗ ದಾಖಲಾಗುವ ಈವೆಂಟ್ ಅದು, ಯಾವ ಯಂತ್ರದಿಂದ ಬಂದ ತಪ್ಪು ಪಾಸ್‌ವರ್ಡ್‌ಗಳಿಂದ ಹಾಗಾಯಿತು ಎಂಬುದನ್ನೂ ಅದು ಹೇಳುತ್ತದೆ. ಬಹಳ ಸಲ ಕಾರಣ ಇಷ್ಟೇ: ಅವರು ಕಳೆದ ವಾರ ಪಾಸ್‌ವರ್ಡ್ ಬದಲಿಸಿದ್ದಾರೆ, ಹಳೆಯ ಪಾಸ್‌ವರ್ಡ್ ಮೊಬೈಲಿನ ಮೇಲ್‌ನಲ್ಲೋ ಬೇರೊಂದು ಯಂತ್ರದ ತೆರೆದಿಟ್ಟ ಸೆಷನ್‌ನಲ್ಲೋ ಉಳಿದು, ತಾನೇ ತಾನಾಗಿ ಬಾಗಿಲು ಬಡಿಯುತ್ತಲೇ ಇದೆ.

ಮತ್ತೆ ಮತ್ತೆ ಬರುವ ತೊಂದರೆಯನ್ನೂ ಅದರ ಬೇರನ್ನೂ ಐಟಿಐಎಲ್ ಎಂಬ ಪದ್ಧತಿ ಎರಡಾಗಿ ಗುರುತಿಸುತ್ತದೆ. 1980ರ ದಶಕದಲ್ಲಿ ಬ್ರಿಟನ್ ಸರಕಾರದ ಸಂಸ್ಥೆಯೊಂದು ರೂಪಿಸಿದ ಪದ್ಧತಿ ಅದು. ಅದರ ಮಾತಿನಲ್ಲಿ ಖಾತೆ ಲಾಕ್ ಆದದ್ದು ಇನ್ಸಿಡೆಂಟ್, ಹಳೆಯ ಪಾಸ್‌ವರ್ಡ್ ಉಳಿದದ್ದು ಪ್ರಾಬ್ಲಮ್. ಅಂಧೇರಿಯ ಆಫೀಸುಗಳಲ್ಲಿ ಇನ್ಸಿಡೆಂಟ್ ಮುಗಿಸುವವರಿಗೆ ಕೊರತೆ ಇಲ್ಲ. ಪ್ರಾಬ್ಲಮ್ ಹುಡುಕುವ ಹುಡುಗನನ್ನು ಮ್ಯಾನೇಜರು ತಿಂಗಳೊಳಗೆ ಗುರುತಿಸುತ್ತಾನೆ.

ಇದರ ಜೊತೆಗೇ ಬರವಣಿಗೆ. "ಇಶ್ಯೂ ರಿಸಾಲ್ವ್ಡ್" ಎಂದು ಬರೆದು ಮುಚ್ಚಿದ ಟಿಕೆಟ್ ಯಾರಿಗೂ ಉಪಯೋಗವಿಲ್ಲ. ಲಕ್ಷಣ ಏನು, ಏನೇನು ಪರೀಕ್ಷಿಸಿದೆ, ಕಾರಣ ಏನು, ಏನು ಬದಲಿಸಿದೆ ಎಂದು ನಾಲ್ಕು ಸಾಲು ಬರೆದರೆ ರಾತ್ರಿ ಪಾಳಿಯವನಿಗೆ ಅದು ದಾರಿ ತೋರಿಸುತ್ತದೆ. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ಬರವಣಿಗೆಗೆ ಹೆದರುತ್ತಾರೆ. ಇಲ್ಲಿ ಬೇಕಾದದ್ದು ಸಣ್ಣ, ನೇರ ವಾಕ್ಯಗಳು. ಆರು ತಿಂಗಳ ಟಿಕೆಟ್‌ಗಳಲ್ಲಿ ಅದು ಕೈಗೆ ಹತ್ತುತ್ತದೆ. ಮಾತಿಗೆ ಮುಂಬಯಿಯಲ್ಲಿ ಹಿಂದಿ ಸಾಕಾಗುತ್ತದೆ, ಮರಾಠಿ ಬಂದರೆ ಕೆಲಸ ಇನ್ನೂ ಸಲೀಸು.

ಕೂರುವುದು ಒಂದು ಕಡೆ, ಪಗಾರ ಇನ್ನೊಂದು ಕಡೆ

ಮೊದಲ ನೌಕರಿ ಬಹುತೇಕ ಗುತ್ತಿಗೆಯದು. ದೊಡ್ಡ ಬ್ಯಾಂಕು ತನ್ನ ಐಟಿ ಉಸ್ತುವಾರಿಯನ್ನು ಎಫ್‌ಎಂಎಸ್ (ಫೆಸಿಲಿಟಿ ಮ್ಯಾನೇಜ್‌ಮೆಂಟ್ ಸರ್ವಿಸಸ್) ಗುತ್ತಿಗೆಯಾಗಿ ಒಂದು ಕಂಪನಿಗೆ ಕೊಡುತ್ತದೆ, ಅದು ಇನ್ನೊಂದಕ್ಕೆ ಕೊಡುತ್ತದೆ. ಹುಡುಗ ಕೂರುವುದು ಬ್ಯಾಂಕಿನಲ್ಲಿ, ಪಗಾರ ಬರುವುದು ಮೂರನೆಯವರಿಂದ. ಗುತ್ತಿಗೆ ಕೈ ಬದಲಾದರೆ ಸೀಟು ಅದೇ, ನೇಮಕಾತಿ ಪತ್ರ ಹೊಸದು. ಹೀಗಾಗಿ ಹಿಂದಿನ ವರ್ಷಗಳ ದಾಖಲೆ ಚೆದುರಿಹೋಗುತ್ತದೆ. ನೇಮಕಾತಿ ಪತ್ರ, ಪಗಾರದ ಚೀಟಿ, ರಿಲೀವಿಂಗ್ ಲೆಟರ್ ಇವನ್ನು ಮೊದಲ ತಿಂಗಳಿನಿಂದ ಸ್ವಂತ ಮೇಲ್‌ನಲ್ಲಿ ಇಟ್ಟುಕೊಳ್ಳಬೇಕು. ಪಿಎಫ್ ಕಡಿತವಾಗುತ್ತಿದ್ದರೆ ಯುಎಎನ್ ಪಾಸ್‌ಬುಕ್ಕನ್ನು ತೆರೆದು, ಕಡಿತವಾದ ಹಣ ನಿಜವಾಗಿ ಜಮೆಯಾಗಿದೆಯೇ ನೋಡಬೇಕು. ಮುಂದೆ ದೊಡ್ಡ ಕಂಪನಿ ಹಿನ್ನೆಲೆ ಪರಿಶೀಲಿಸುವಾಗ ನೋಡುವ ದಾಖಲೆಗಳಲ್ಲಿ ಅದೂ ಒಂದು.

ನೌಕರಿ ಕೊಡಿಸಲು ಮುಂಗಡ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬಾರದು. ಸುಳ್ಳು ಅನುಭವ ಪತ್ರ ಮಾರುವವರೂ ಇದ್ದಾರೆ. ಸರ್ವರಿನ ಕೀಲಿ ಕೊಡುವ ಕಸುಬಿನಲ್ಲಿ ಸುಳ್ಳು ಪತ್ರದಿಂದ ಒಳಹೊಕ್ಕವನು ಸಿಕ್ಕಿಬಿದ್ದರೆ ಹೋಗುವುದು ಆ ನೌಕರಿ ಒಂದೇ ಅಲ್ಲ.

ಎರಡು ವರ್ಷದ ನಂತರವೂ ಅದೇ ಪಾಸ್‌ವರ್ಡ್ ರೀಸೆಟ್ ಮಾಡುತ್ತಿದ್ದರೆ ಜಾಗ ಬದಲಿಸುವುದೇ ಸರಿ. ಪಗಾರ ಸ್ವಲ್ಪ ಕಡಿಮೆಯಾದರೂ ಸರ್ವರ್ ಮುಟ್ಟಲು ಬಿಡುವ ಕಡೆ ಹೋಗಬೇಕು.

ರಾತ್ರಿಶಾಲೆಯ ನಗರದಲ್ಲಿ ಕಲಿಕೆ

ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಬ್ಯಾಂಕು, ಕಚೇರಿ ಸೇರಿದ ಕರಾವಳಿಯ ಹುಡುಗರ ಪರಂಪರೆ ಮುಂಬಯಿಗೆ ಇದೆ. ಆ ಶಾಲೆಗಳನ್ನು ನಡೆಸಿದ ಸಂಘಟನೆಗಳಲ್ಲಿ ಒಂದಾದ ಮೊಗವೀರ ವ್ಯವಸ್ಥಾಪಕ ಮಂಡಳಿಯ ಶಿಕ್ಷಣ ಸಂಕುಲ ಇಂದು ಅಂಧೇರಿ ಪಶ್ಚಿಮದಲ್ಲಿ ವೀರಾ ದೇಸಾಯಿ ರಸ್ತೆಯ ಬಳಿ ಇದೆ. ಬಂಟರ ಸಂಘದ ಎಸ್.ಎಂ. ಶೆಟ್ಟಿ ಕಾಲೇಜು ಪೊವಾಯಿಯಲ್ಲಿದೆ, ಅಲ್ಲಿ ಬಿಎಸ್‌ಸಿ ಐಟಿ ಕಲಿಯಬಹುದು. ದುಡಿಯುತ್ತ ಕಲಿಯುವ ಆ ಹಳೆಯ ರೂಢಿಗೆ ಈ ಕಸುಬು ಚೆನ್ನಾಗಿ ಹೊಂದುತ್ತದೆ.

ಪದವಿ ಇಲ್ಲದವರಿಗೆ ಐಟಿಐಯಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ಮೇಂಟೆನನ್ಸ್ ಎಂಬ ಒಂದು ವರ್ಷದ ತರಬೇತಿ ಇದೆ. ಖಾಸಗಿ ಸಂಸ್ಥೆಗಳಲ್ಲಿ 1986ರಲ್ಲಿ ಆರಂಭವಾದ ಆಪ್ಟೆಕ್‌ನ ಮುಖ್ಯ ಕಚೇರಿ ಅಂಧೇರಿ ಎಂಐಡಿಸಿಯಲ್ಲೇ ಇದೆ. ಹಾರ್ಡ್‌ವೇರ್ ತರಗತಿಗಳಿಗೆ ಹೆಸರಾದ ಜೆಟ್‌ಕಿಂಗ್ ಕೂಡ ಮುಂಬಯಿಯದೇ. ಶುಲ್ಕ ಕಟ್ಟುವ ಮುನ್ನ ಲ್ಯಾಬ್ ನೋಡಿ. ಅಲ್ಲಿ ತೆರೆದಿಟ್ಟ ಸ್ವಿಚ್, ರೌಟರ್, ರ‍್ಯಾಕ್ ಇಲ್ಲದೆ ಬರೀ ಪ್ರೊಜೆಕ್ಟರ್ ಇದ್ದರೆ ಬೇರೆ ಕಡೆ ಹೋಗಿ.

ಸರ್ಟಿಫಿಕೇಟುಗಳಲ್ಲಿ ಕಾಂಪ್‌ಟಿಯಾ ಎ ಪ್ಲಸ್ ಬುನಾದಿಯದು, 1993ರಿಂದ ಇದೆ, ಎರಡು ಪರೀಕ್ಷೆ ಬರೆಯಬೇಕು. ಸಿಸ್ಕೊದ ಸಿಸಿಎನ್‌ಎ ನೆಟ್‌ವರ್ಕಿನದು. 2020ರಿಂದ ಅದಕ್ಕೆ 200-301 ಎಂಬ ಒಂದೇ ಪರೀಕ್ಷೆ. ಮೈಕ್ರೊಸಾಫ್ಟ್‌ನ ಹಳೆಯ ಎಂಸಿಎಸ್‌ಇಯನ್ನು 2021ರ ಜನವರಿಯಲ್ಲಿ ನಿಲ್ಲಿಸಲಾಗಿದೆ; ಇನ್ನೂ ಅದರ ಹೆಸರಲ್ಲಿ ಹೊಸ ಬ್ಯಾಚ್ ಕರೆಯುವವರನ್ನು ನಂಬಬೇಡಿ. ನನ್ನ ಒಲವು ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ಕಡೆಗೆ. ಅದರಲ್ಲಿ ಉತ್ತರಕ್ಕೆ ಗುರುತು ಹಾಕುವ ಪ್ರಶ್ನೆಗಳಿಲ್ಲ. ನಿಜವಾದ ಲಿನಕ್ಸ್ ಯಂತ್ರ ಕೊಟ್ಟು, ಡಿಸ್ಕ್ ವಿಭಾಗಿಸಿ, ಬಳಕೆದಾರರನ್ನು ಸೇರಿಸಿ, ಸೇವೆ ನಡೆಸಿ ಎನ್ನುತ್ತಾರೆ. ಪ್ರಶ್ನೋತ್ತರ ಬಾಯಿಪಾಠ ಮಾಡಿ ಅದನ್ನು ದಾಟಲಾಗದು.

ಅಭ್ಯಾಸಕ್ಕೆ 16 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಸಾಕು. ರ‍್ಯಾಮ್ ಬೇಕಿದ್ದರೆ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಲ್ಯಾಮಿಂಗ್ಟನ್ ರಸ್ತೆ ಇದೆ. ವರ್ಚುವಲ್‌ಬಾಕ್ಸ್ ಹಾಕಿ ಒಂದು ವಿಂಡೋಸ್ ಸರ್ವರಿನ ಪರೀಕ್ಷಾ ಪ್ರತಿ, ಒಂದು ಲಿನಕ್ಸ್, ಒಂದು ಸಾಮಾನ್ಯ ವಿಂಡೋಸ್ ಯಂತ್ರ ನಿಲ್ಲಿಸಿ. ಡೊಮೇನ್ ಕಟ್ಟಿ, ಡಿಎನ್‌ಎಸ್ಸನ್ನು ಬೇಕೆಂದೇ ಕೆಡಿಸಿ, ಏನೇನು ನಿಂತುಹೋಗುತ್ತದೆ ಎಂದು ನೋಡಿ. ಆಫೀಸಿನಲ್ಲಿ ಯಾರೂ ಮಾಡಲು ಬಿಡದ ಪ್ರಯೋಗ ಇದು.

ಅಡ್ಮಿನ್‌ನ ಹೊಣೆ

2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಮಾಲ್‌ವೇರ್ ಉಕ್ರೇನಿನ ಒಂದು ತೆರಿಗೆ ಸಾಫ್ಟ್‌ವೇರಿನ ಮೂಲಕ ಹಬ್ಬಿತು. ಅದು ಮುಟ್ಟಿದ ಜಾಗಗಳಲ್ಲಿ ಮುಂಬಯಿಯ ಎದುರು ದಡದ ಜೆಎನ್‌ಪಿಟಿ ಬಂದರಿನಲ್ಲಿ ಹಡಗು ಸಾಗಣೆಯ ಮರ್ಸ್ಕ್ ಸಮೂಹ ನಡೆಸುತ್ತಿದ್ದ ಟರ್ಮಿನಲ್ಲೂ ಒಂದು. ನಾಟ್‌ಪೆಟ್ಯಾ ಬಳಸಿಕೊಂಡ ವಿಂಡೋಸ್ ಬಿರುಕಿಗೆ ಮಾರ್ಚ್ 14ರಂದೇ ಪ್ಯಾಚ್ ಬಂದಿತ್ತು. ಆದರೆ ಪ್ಯಾಚ್ ಹಾಕಿದ ಯಂತ್ರಗಳೂ ಬಿದ್ದವು. ಕಾರಣ, ಆ ಮಾಲ್‌ವೇರ್ ಯಂತ್ರದ ನೆನಪಿನಲ್ಲಿ ಉಳಿದ ಅಡ್ಮಿನ್ ಪಾಸ್‌ವರ್ಡುಗಳನ್ನು ಕದ್ದು ಪಕ್ಕದ ಯಂತ್ರಕ್ಕೆ ದಾಟುತ್ತಿತ್ತು. ಪ್ರಿಂಟರ್ ಸರಿಪಡಿಸಲು ಸಾಮಾನ್ಯ ಮೇಜಿನ ಯಂತ್ರಕ್ಕೆ ಡೊಮೇನ್ ಅಡ್ಮಿನ್ ಖಾತೆಯಿಂದ ಲಾಗಿನ್ ಆಗಬಾರದು ಎಂದು ಹಿರಿಯರು ಗದರುವುದು ಇದಕ್ಕೇ. ಮರ್ಸ್ಕ್ ಹತ್ತು ದಿನಗಳಲ್ಲಿ 4,000 ಸರ್ವರ್‌ಗಳನ್ನೂ 45,000 ಕಂಪ್ಯೂಟರುಗಳನ್ನೂ ಮತ್ತೆ ಕಟ್ಟಿತು. ಅದರ ಡೊಮೇನ್ ಕಂಟ್ರೋಲರುಗಳಲ್ಲಿ ಉಳಿದದ್ದು ಘಾನಾದಲ್ಲಿ ಕರೆಂಟ್ ಹೋಗಿ ಜಾಲದಿಂದ ಕಳಚಿಕೊಂಡಿದ್ದ ಒಂದೇ ಒಂದು.

ಬ್ಯಾಕಪ್ ವಿಚಾರದಲ್ಲಿ 3-2-1 ಸೂತ್ರ ಎಲ್ಲರೂ ಹೇಳುತ್ತಾರೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಸ್ಥಳದಲ್ಲಿ. ಮುಂಬಯಿಯಲ್ಲಿ ಆ ಕೊನೆಯ ಮಾತಿಗೆ ತೂಕ ಹೆಚ್ಚು. 2005ರ ಜುಲೈ 26ರಂದು ಪಕ್ಕದ ಸಾಂತಾಕ್ರೂಜ್ ಮಾಪನ ಕೇಂದ್ರದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾಯಿತು. ನೆಲಮಾಳಿಗೆಯಲ್ಲಿ ಸರ್ವರ್, ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಬ್ಯಾಕಪ್ ಇಡುವುದು ಈ ನಗರದಲ್ಲಿ ಒಪ್ಪತಕ್ಕದ್ದಲ್ಲ. ಮರಳಿ ಪಡೆದು ನೋಡದ ಬ್ಯಾಕಪ್ಪನ್ನೂ ನಂಬುವಂತಿಲ್ಲ. 2017ರ ಜನವರಿ 31ರಂದು ಪ್ರೋಗ್ರಾಮರುಗಳ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ತಪ್ಪಿ ಬೇರೆ ಸರ್ವರಿನ ಡೇಟಾಬೇಸ್ ಅಳಿಸಿದರು. ಆಗ ನೋಡಿದರೆ ಐದು ಬಗೆಯ ರಕ್ಷಣಾ ವ್ಯವಸ್ಥೆಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಆರು ಗಂಟೆ ಹಿಂದಿನ ಒಂದು ಪ್ರತಿ ಇದ್ದದ್ದರಿಂದ ಉಳಿದರು. ಕಂಪನಿ ಎಲ್ಲವನ್ನೂ ಬಯಲಲ್ಲಿ ಬರೆದು ತಿಳಿಸಿತು. ಹೊಸಬರಿಗೆ ಅದಕ್ಕಿಂತ ಒಳ್ಳೆಯ ಪಾಠಪುಸ್ತಕ ನನಗೆ ಗೊತ್ತಿಲ್ಲ.

2024ರ ಜುಲೈ 19, ಬೆಳಿಗ್ಗೆ 9:39

ಆ ಶುಕ್ರವಾರ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಸಣ್ಣ ಅಪ್‌ಡೇಟ್ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ಕೆಡವಿತು. ಮುಂಬಯಿ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಕೈಬರಹಕ್ಕೆ ಇಳಿಯಿತು. ಸುಮಾರು ಒಂದೂಕಾಲು ಗಂಟೆಯಲ್ಲಿ ಕಂಪನಿ ಅಪ್‌ಡೇಟನ್ನು ಹಿಂತೆಗೆದುಕೊಂಡಿತು. ಆದರೆ ಅಷ್ಟರಲ್ಲಿ ಬಿದ್ದ ಬಹುಪಾಲು ಯಂತ್ರಗಳು ಮೇಲೇಳಲೇ ಇಲ್ಲ, ಹೀಗಾಗಿ ದೂರದಿಂದ ಸರಿಪಡಿಸಲು ಆಗಲಿಲ್ಲ. ಒಬ್ಬ ಮನುಷ್ಯ ಪ್ರತಿ ಯಂತ್ರದ ಮುಂದೆ ಕುಳಿತು, ಸೇಫ್ ಮೋಡ್‌ಗೆ ಹೋಗಿ, 291ನೇ ಸಂಖ್ಯೆಯ ಚಾನೆಲ್ ಫೈಲನ್ನು ಅಳಿಸಬೇಕಿತ್ತು. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇದ್ದರೆ 48 ಅಂಕಿಯ ಕೀಲಿಯೂ ಬೇಕು. ಕೀಲಿಗಳನ್ನು ಇಟ್ಟ ಸರ್ವರೇ ಬಿದ್ದಿದ್ದ ಕಡೆ ಪಾಡು ಹೇಳತೀರದು. ಎಲ್1, ಎಲ್3 ಎಂಬ ಭೇದ ಅಂದು ಉಳಿಯಲಿಲ್ಲ. ಪೆನ್‌ಡ್ರೈವ್ ಹಿಡಿದು ಮೇಜಿನಿಂದ ಮೇಜಿಗೆ ಓಡಾಡಿದ ಸಪೋರ್ಟ್ ಹುಡುಗರೇ ಕೆಲಸ ಎತ್ತಿದರು. ಈ ಕಸುಬನ್ನು ಕೀಳಾಗಿ ಕಾಣುವವರಿಗೆ ನಾನು ಆ ದಿನವನ್ನು ನೆನಪಿಸಬಯಸುತ್ತೇನೆ.

ಕಾನೂನು, ಕೀಲಿ

ಅಡ್ಮಿನ್‌ಗೆ ಇತರರ ಮೇಲ್ ತೆರೆಯುವ ತಾಂತ್ರಿಕ ಶಕ್ತಿ ಇರುತ್ತದೆ, ಹಕ್ಕು ಇರುವುದಿಲ್ಲ. 2000ರ ಮಾಹಿತಿ ತಂತ್ರಜ್ಞಾನ ಕಾಯಿದೆಯ 43 ಮತ್ತು 66ನೇ ಕಲಮುಗಳು ಅನುಮತಿಯಿಲ್ಲದ ಪ್ರವೇಶಕ್ಕೆ ಅನ್ವಯಿಸುತ್ತವೆ. ಲಿಖಿತ ಒಪ್ಪಿಗೆಯಿಲ್ಲದೆ ಮ್ಯಾನೇಜರು ಬಾಯಿಮಾತಲ್ಲಿ ಹೇಳಿದರೂ ಯಾರ ಮೇಲ್‌ಬಾಕ್ಸನ್ನೂ ತೆರೆಯಬಾರದು. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಪಟ್ಟಿಯಲ್ಲಿರುವ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು, ಎಲ್ಲ ಯಂತ್ರಗಳ ಗಡಿಯಾರ ಒಂದೇ ಸಮಯಕ್ಕೆ ಹೊಂದಿರಬೇಕು. ಆ ಗಡಿಯಾರ ಹೊಂದಿಸುವ ಕೆಲಸ ಬರುವುದು ಕಿರಿಯ ಅಡ್ಮಿನ್‌ನ ಪಾಲಿಗೇ.

ಪಾಳಿ

ಅಮೆರಿಕದ ಗ್ರಾಹಕರಿದ್ದರೆ ರಾತ್ರಿ ಪಾಳಿ ತಪ್ಪದು. ನಡುರಾತ್ರಿಯ ಕೆಲವು ಗಂಟೆ ಲೋಕಲ್ ಇರುವುದಿಲ್ಲ. ಕಂಪನಿ ಗಾಡಿ ಕೊಡುತ್ತದೆಯೇ ಎಂದು ಸೇರುವ ಮೊದಲೇ ಕೇಳಿ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಪ್ರಕಾರ ಹೆಣ್ಣುಮಕ್ಕಳಿಗೆ ರಾತ್ರಿ ಕೆಲಸ ಕೊಡಲು ಅವರ ಒಪ್ಪಿಗೆಯೂ ಸಾರಿಗೆ ಸೇರಿದ ಸುರಕ್ಷೆಯೂ ಬೇಕು. ಹಗಲಿನವರಿಗೆ ದಾರಿ ಹಿಂದಿಗಿಂತ ಹಗುರ: ವರ್ಸೋವಾ–ಘಾಟ್ಕೋಪರ್ ಮೆಟ್ರೊ 2014ರಿಂದ ಇದೆ, 2024ರ ಅಕ್ಟೋಬರಿನಿಂದ ಭೂಗತ ಮೆಟ್ರೊ ಸೀಪ್ಝ್ ಮತ್ತು ಎಂಐಡಿಸಿಯನ್ನು ಮುಟ್ಟುತ್ತದೆ. ಎರಡೂ ಕೂಡುವುದು ಮರೋಳ್ ನಾಕಾದಲ್ಲಿ.

ಮುಂದಿನ ಕವಲುಗಳು

ಮೂರು ನಾಲ್ಕು ವರ್ಷದ ಹೊತ್ತಿಗೆ ದಾರಿ ಕವಲೊಡೆಯುತ್ತದೆ: ನೆಟ್‌ವರ್ಕ್, ಕ್ಲೌಡ್, ಭದ್ರತೆ, ಅಥವಾ ಡೇಟಾ ಸೆಂಟರ್. ಪಾಸ್‌ವರ್ಡ್ ರೀಸೆಟ್‌ನಂಥ ಕೆಲಸಗಳನ್ನು ಸ್ವಯಂಚಾಲಿತ ಪೋರ್ಟಲ್‌ಗಳೂ ಚಾಟ್‌ಬಾಟ್‌ಗಳೂ ನುಂಗುತ್ತಿವೆ. ಆದ್ದರಿಂದ ಪವರ್‌ಶೆಲ್ ಅಥವಾ ಬ್ಯಾಶ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆಯುವುದನ್ನು ಮೊದಲ ವರ್ಷದಲ್ಲೇ ಶುರು ಮಾಡುವುದು ಲೇಸು. ನೂರು ಹೊಸ ನೌಕರರ ಖಾತೆಗಳನ್ನು ಒಂದು ಎಕ್ಸೆಲ್ ಪಟ್ಟಿಯಿಂದ ತೆರೆಯುವ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಸಂದರ್ಶನದಲ್ಲಿ ತೋರಿಸಲು ಸಾಕು. ಆ ಸಂದರ್ಶನಗಳಲ್ಲಿ ಬಹುತೇಕ ಕೇಳುವ ಪ್ರಶ್ನೆ ಒಂದಿದೆ: ಬ್ರೌಸರಿನಲ್ಲಿ ಒಂದು ವಿಳಾಸ ಹೊಡೆದು ಎಂಟರ್ ಒತ್ತಿದರೆ ಪುಟ ತೆರೆಯುವವರೆಗೆ ಏನೇನು ನಡೆಯುತ್ತದೆ? ಡಿಎನ್‌ಎಸ್ ಹುಡುಕಾಟ, ಗೇಟ್‌ವೇ, ಟಿಸಿಪಿ ಸಂಪರ್ಕ, ಟಿಎಲ್‌ಎಸ್ ಹ್ಯಾಂಡ್‌ಶೇಕ್, ಸರ್ವರಿನ ಉತ್ತರ ಎಂದು ಕ್ರಮವಾಗಿ ಹೇಳಬಲ್ಲವನಿಗೆ ಅವರು ಕೂಡಲೇ ಎರಡನೆಯದನ್ನು ಕೇಳುತ್ತಾರೆ: ಇದರಲ್ಲಿ ಮೂರನೆಯ ಹೆಜ್ಜೆ ತಪ್ಪಿದರೆ ಬಳಕೆದಾರರಿಗೆ ಪರದೆಯ ಮೇಲೆ ಏನು ಕಾಣುತ್ತದೆ, ನೀನು ಎಲ್ಲಿಂದ ಹುಡುಕಲು ಶುರು ಮಾಡುತ್ತೀ?